ಮಿಡತೆಗೆ ರೊಟ್ಟಿ

ನಮ್ಮ ಮಾವನವರ ಕತೆಯಲ್ಲಿ ಇರುವೆ ಒಂದು ಸಲವೂ ಬಾಗಿಲು ತೆಗೆದದ್ದಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ಬೇಸಿಗೆಯೆಲ್ಲ ಹಾಡಿಕೊಂಡು ಕಾಲ ಕಳೆದ ಮಿಡತೆ, ಮಳೆ ಹಿಡಿದ ಮೇಲೆ ಹಸಿದುಕೊಂಡು ಇರುವೆಯ ಮನೆ ಮುಂದೆ ಬಂದು ನಿಲ್ಲುತ್ತದೆ. ಒಂದೇ ಒಂದು ಕಾಳು ಕೊಡು ಅನ್ನುತ್ತದೆ. ಇರುವೆ ಒಳಗಿನಿಂದಲೇ, "ದುಡೀಲಿಲ್ಲ ಅಂದಮ್ಯಾಲ ಉಣ್ಣಾಕ ಯಾಕ ಬಂದಿ?" ಎಂದು ಕೇಳುತ್ತದೆ. ಮರುದಿನ ಬೆಳಿಗ್ಗೆ ಮಿಡತೆ ಬಾಗಿಲ ಮುಂದೆ ಸತ್ತು ಬಿದ್ದಿರುತ್ತದೆ. ಅಲ್ಲಿಗೆ ಕತೆ ಮುಗಿಯಿತು.

ನನ್ನ ತವರು ರಾಣೇಬೆನ್ನೂರಿನ ಹತ್ತಿರದ ಹಲಗೇರಿ. ಅಲ್ಲಿ ನಮ್ಮವ್ವ ಹೇಳುತ್ತಿದ್ದ ಕತೆಯಲ್ಲಿ ಇರುವೆ ಮೊದಲು ಬೈದು, ಆಮೇಲೆ ಒಂದು ಕಾಳು ಕೊಟ್ಟು ಕಳಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಬಾಯಿ ಸುಮ್ಮನಿರಲಾರದೆ ಮಾವನವರಿಗೆ ಇದನ್ನು ಹೇಳಿದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೂಗಿ ತೂಗಿ ಮಾಗಿದ ಮನುಷ್ಯ ಅವರು. ನನ್ನ ಮುಖ ನೋಡಿ, "ನೋಡವಾ, ಕತಿ ಅಂದ್ರ ತಕ್ಕಡಿ ಇದ್ದಂಗ. ಅದರ ಮ್ಯಾಲ ಕೈ ಇಡಬಾರದು" ಎಂದರು. ಹಲಗೇರಿಯವರು ಕೈ ಇಡುವವರು ಎಂಬ ಕುಹಕ ಅದರಲ್ಲಿ ಇದ್ದೇ ಇತ್ತು. ನಾನೂ ಬಿಡಲಿಲ್ಲ. "ನಿಮ್ಮ ಇರುವಿಗೆ ಕರಳ ಇಲ್ಲ ಬಿಡ್ರಿ ಮಾವಾರ" ಅಂದೆ. ಅತ್ತೆ ಒಳಗಿನಿಂದ ನಕ್ಕದ್ದು ಕೇಳಿಸಿತು.

ಅವರು ಹಾಗಿರುವುದಕ್ಕೆ ಕಾರಣವಿತ್ತು. ಕುಪ್ಪೇಲೂರಿನಿಂದ ಉಟ್ಟ ಬಟ್ಟೆಯಲ್ಲಿ ಬಂದು, ಪೇಟೆಯಲ್ಲಿ ಬೆನ್ನ ಮೇಲೆ ಚೀಲ ಹೊತ್ತು, ಆಮೇಲೆ ಸ್ವಂತ ಅಂಗಡಿ ಹಾಕಿದವರು. ಆ ಕತೆಯ ಇರುವೆ ಬೇರೆ ಯಾರೂ ಅಲ್ಲ, ಅವರೇ. ಹಾಗಾಗಿ ಎಲ್ಲ ಪ್ರಾಣಿಗಳ ಕತೆಗಳಿಗಿಂತ ಅದರ ಮೇಲೆ ಅವರಿಗೆ ಮಮತೆ ಹೆಚ್ಚು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಬಂತೆಂದರೆ ಊರಿಗೆ ಊರೇ ಸೀನುತ್ತಿರುತ್ತದೆ. ಅಂಗಡಿಯಿಂದ ಚೀಲಗಟ್ಟಲೆ ಕಾಯಿ ನಮ್ಮ ಮನೆಯಂಗಳಕ್ಕೆ ಬರುತ್ತದೆ. ಓಣಿಯ ಹೆಂಗಸರು ಗುಂಪಾಗಿ ಕುಳಿತು ತುಂಬು ಬಿಡಿಸುತ್ತಾರೆ, ಅಂದರೆ ಕಾಯಿಯ ತೊಟ್ಟು ಮುರಿದು ಬೇರೆ ಮಾಡುತ್ತಾರೆ. ತಾಯಂದಿರ ಜೊತೆ ಮಕ್ಕಳೂ ಬರುತ್ತವೆ. ಮಕ್ಕಳ ಕೈ ಕಾಯಿಗೆ ಹೋಗುತ್ತದೆ, ಕಾಯಿಯಿಂದ ಕಣ್ಣಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಇಡೀ ಓಣಿಗೆ ಕೇಳುವ ಹಾಗೆ ರಾಗ. ಇದನ್ನು ತಪ್ಪಿಸಲು ಮಾವನವರು ಮಧ್ಯಾಹ್ನದ ಹೊತ್ತು ಅಂಗಡಿಯನ್ನು ನನ್ನ ಗಂಡನಿಗೆ ಬಿಟ್ಟು ಬಂದು, ಮನೆ ಮುಂದಿನ ಕಟ್ಟೆಯ ಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕತೆ ಹೇಳುತ್ತಿದ್ದರು. ಕಾಗೆ, ನರಿ, ಮಂಗ, ಮೊಸಳೆ, ಆಮೆ, ಮೊಲ, ಎಲ್ಲವೂ ನಮ್ಮ ಕಟ್ಟೆಯ ಮೇಲೆ ಬಂದುಹೋಗಿವೆ. ಕತೆ ಮುಗಿದ ಮೇಲೆ ಒಂದೊಂದೇ ಮಗುವನ್ನು ಎಬ್ಬಿಸಿ, "ಇದರಿಂದ ಏನು ಕಲ್ತಿ, ಹೇಳು" ಎಂದು ಕೇಳುತ್ತಿದ್ದರು. ಹೇಳಿದವರಿಗೆ ಹುರಿದ ಶೇಂಗಾ. ಹೇಳದವರು ಇನ್ನೊಂದು ಸಲ ಕತೆ ಕೇಳಬೇಕು.

ನನ್ನ ಮಗಳು ಒಂದನೆಯ ಇಯತ್ತೆ. ಆ ಕಟ್ಟೆಯ ಮೇಲಿನ ಮಕ್ಕಳಲ್ಲಿ ಅವಳೇ ಜೋರು. ಅಜ್ಜ ಕತೆ ಮುಗಿಸುವ ಮೊದಲೇ ಎದ್ದು ನಿಂತು, "ಮಿಡಚಿ ದುಡೀಲಿಲ್ಲ, ಹಂಗಾಗಿ ಅದಕ್ಕ ಉಣ್ಣಾಕ ಕೊಡಬಾರದು!" ಎಂದು ಕೂಗಿ ಶೇಂಗಾಕ್ಕೆ ಕೈ ಚಾಚುತ್ತಿದ್ದಳು. ಮಾವನವರ ಮುಖ ಅರಳುತ್ತಿತ್ತು. "ನನ್ನ ಮೊಮ್ಮಗಳು ನೋಡ್ರಿ" ಎಂದು ತೊಟ್ಟು ಮುರಿಯುವ ಹೆಂಗಸರಿಗೆಲ್ಲ ಹೇಳುತ್ತಿದ್ದರು.

ಕಳೆದ ಹಂಗಾಮಿನ ನಡುವೆ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟಲು ಬಗ್ಗಿದರು, ಹಾಗೆಯೇ ಬಲಕ್ಕೆ ವಾಲಿದರು. ಹಾವೇರಿಯ ದವಾಖಾನೆಯಲ್ಲಿ ಸ್ವಲ್ಪ ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಜೀವ ಉಳಿಯಿತು. ಬಲಗೈ ಬಲಗಾಲು ಹೋದವು, ಬಾಯಿ ಒಂದು ಕಡೆಗೆ ಜೋತುಬಿತ್ತು, ಮಾತು ನಿಧಾನವಾಯಿತು. ತಲೆಗೆ ಮಾತ್ರ ಏನೂ ಆಗಿರಲಿಲ್ಲ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಂಚ ಹಾಕಿದೆವು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಹೆಂಗಸರು ಕೆಲಸ ಮಾಡುವುದನ್ನು ನೋಡುತ್ತ ಮಲಗುತ್ತಿದ್ದರು.

ಎಡಗೈಯಲ್ಲಿ ಊಟ ಮಾಡುವುದು ಅವರಿಗೆ ಸಾಧ್ಯವೇ ಇಲ್ಲದ ಮಾತು. ಹಾಗಾಗಿ ನಾವೇ ಉಣಿಸಬೇಕಾಗಿತ್ತು. ಮೊದಲು ಒಂದೆರಡು ದಿನ ನಾಚಿಕೊಂಡರು. ಆಮೇಲೆ, "ಈ ಮನ್ಯಾಗ ಈಗ ಎರಡು ಕೂಸು" ಎಂದು ತಾವೇ ನಗಾಡಿದರು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಮಿದ್ದಿ ಕೊಟ್ಟರೆ ಚೆನ್ನಾಗಿಯೇ ಉಣ್ಣುತ್ತಿದ್ದರು. ಡಾಕ್ಟರು ನೋಡಿ, ಹೀಗೇ ಉಂಡರೆ ಗೋಡೆ ಹಿಡಿದು ಓಡಾಡುವ ಹಾಗಾಗುತ್ತಾರೆ ಎಂದಿದ್ದರು. ನಾವೆಲ್ಲ ಅದನ್ನೇ ನೆಚ್ಚಿಕೊಂಡಿದ್ದೆವು.

ಹಾಗಿರುವಾಗ ಒಂದು ದಿನ ಬೆಳಿಗ್ಗೆ ಬಾಯಿ ತೆರೆಯಲಿಲ್ಲ.

"ಹಸಿವಿಲ್ಲ" ಎಂದರು. ಇರಲಿ ಎಂದು ಬಿಟ್ಟೆ. ಮಧ್ಯಾಹ್ನವೂ ಹಸಿವಿಲ್ಲ. ಸಂಜೆ ಅತ್ತೆ ತಟ್ಟೆ ಹಿಡಿದು ಕೂತರೆ ಗೋಡೆ ಕಡೆಗೆ ಮುಖ ತಿರುಗಿಸಿದರು. ಮರುದಿನವೂ ಅದೇ. ನಾನು ಹುಳಿ ಮಾಡಿದೆ, ಸಿಹಿ ಮಾಡಿದೆ, ಹೆಸರುಬೇಳೆ ಗಂಜಿ ಮಾಡಿದೆ. ತುಟಿ ಬಿಗಿದದ್ದು ಬಿಗಿದದ್ದೇ. ನನಗೆ ಅಳುವುದಕ್ಕಿಂತ ಮೊದಲು ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. "ಇದೆಂಥಾ ಹಟಾರೀ ಮಾವಾರ? ಸಾಲ್ಯಾಗಿನ ಹುಡುಗೂರು ಮಾಡಿದಂಗ ಮಾಡಾಕತ್ತೀರಲ್ಲ!" ಎಂದು ಜೋರು ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡರು.

ರಾಣೇಬೆನ್ನೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಂಟಲು ನೋಡಿದರು, ರಕ್ತ ತೆಗೆಸಿದರು. ನುಂಗಲು ಏನೂ ಅಡ್ಡಿಯಿಲ್ಲ ಎಂದರು. ಆಮೇಲೆ ನನ್ನ ಗಂಡನನ್ನೂ ನನ್ನನ್ನೂ ಹೊರಗೆ ಕರೆದು, ಹೀಗೇ ಆದರೆ ಈ ವಯಸ್ಸಿನ ದೇಹ ತಡೆಯುವುದಿಲ್ಲ, ಮೂಗಿನೊಳಗೆ ನಳಿಗೆ ಹಾಕಿ ಹಾಲು ಬಿಡಬೇಕಾಗುತ್ತದೆ, ಅದೂ ಎಷ್ಟು ದಿನ ನಡೆಯುತ್ತದೋ ಹೇಳಲಾರೆ ಎಂದರು. ಕಾರಿನಲ್ಲಿ ಬರುವಾಗ ಮಾವನವರ ಕೊರಳ ಎಲುಬು ಅಂಗಿಯ ಮೇಲೆಯೇ ಎದ್ದು ಕಾಣುತ್ತಿತ್ತು. ಅತ್ತೆ ಮರುದಿನವೇ ಬಸ್ಸು ಹತ್ತಿ ಕಾಗಿನೆಲೆಗೆ ಹೋಗಿ ಹರಕೆ ಹೊತ್ತು ಬಂದರು.

ಆಮೇಲೆ ಒಂದು ಸಣ್ಣ ಬೆಳಕು ಕಂಡಂತಾಯಿತು. ಮಗಳು ಶಾಲೆ ಬಿಟ್ಟು ಬಂದ ಮೇಲೆ ಅಜ್ಜನ ಕೋಣೆಗೆ ತಟ್ಟೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊರಗೆ ಬರುವಾಗ ತಟ್ಟೆಯಲ್ಲಿ ಅರ್ಧ ರೊಟ್ಟಿ ಖಾಲಿಯಾಗಿರುತ್ತಿತ್ತು. ಒಂದೊಂದು ದಿನ ಅರ್ಧಕ್ಕಿಂತ ಕಡಿಮೆ. ಬೇರೆ ಹೊತ್ತಿನಲ್ಲಿ ಒಂದು ತುತ್ತೂ ಇಲ್ಲ, ಬರೀ ನೀರು. ಆದರೂ ನಮಗೆ ಅದೇ ದೊಡ್ಡದು. "ಮೊಮ್ಮಗಳ ಕೈಲೆ ಆದ್ರೂ ಉಣ್ಣಾಕತ್ತ್ಯಾರಲ್ಲ, ನನ್ನಪ್ಪಾ ಶಿವನಽ" ಎಂದು ಅತ್ತೆ ಕೈಮುಗಿದರು. ಬಾಗಿಲು ಯಾಕೆ ಹಾಕಿಕೊಳ್ಳುತ್ತೀ ಎಂದು ಕೇಳಿದರೆ ಮಗಳು, "ಅಜ್ಜಗ ಮಂದಿ ನೋಡಿದ್ರ ನಾಚಿಕಿ" ಎಂದಳು. ಅದೂ ಸರಿ ಎನಿಸಿತು. ಮಾವನವರ ಕಣ್ಣು ಆಗ ಕೆಂಪಾಗತೊಡಗಿದ್ದವು. ಹಂಗಾಮಿನ ಘಾಟಿನಿಂದ, ಮಲಗಿದಲ್ಲಿಯೇ ಇರುವುದರಿಂದ ಹೀಗಾಗಿದೆ ಎಂದುಕೊಂಡು ಕಣ್ಣಿಗೆ ಔಷಧಿ ತಂದು ಹಾಕಿದೆ.

ಅವರ ಹಳೆಯ ತಪಾಸಣೆಯ ಕಾಗದಗಳು ಬೇಕೆಂದು ರಾಣೇಬೆನ್ನೂರಿನ ಡಾಕ್ಟರು ಕೇಳಿದ್ದರಿಂದ ನಾನು ಒಂದು ದಿನ ಹಾವೇರಿಗೆ ಹೋದೆ. ಸಂಜೆಯಾಗುತ್ತದೆ ಎಂದು ಹೇಳಿ ಹೋಗಿದ್ದೆ. ಕೆಲಸ ಲಗುಬಗೆಯಲ್ಲಿ ಮುಗಿಯಿತು, ಬಸ್ಸೂ ಕೂಡಲೇ ಸಿಕ್ಕಿತು. ಬಿಸಿಲು ಇನ್ನೂ ಇಳಿದಿರಲಿಲ್ಲ, ಮನೆ ಮುಟ್ಟಿದೆ. ಅಂಗಳದಲ್ಲಿ ಹೆಂಗಸರು ಕೆಲಸದಲ್ಲಿದ್ದರು. ಅತ್ತೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಸೀದಾ ಮಾವನವರ ಕೋಣೆಯ ಬಾಗಿಲು ದೂಡಿದೆ.

ಏನು ಹೇಳಲಿ! ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ಮಾವನವರು ದಿಂಬಿಗೆ ಆತುಕೊಂಡು ಕುಳಿತಿದ್ದರು. ತೊಡೆಯ ಮೇಲೆ ಮೊರ. ಮೊರದ ತುಂಬ ಮೆಣಸಿನಕಾಯಿ. ಜೀವವಿಲ್ಲದ ಬಲಗೈಯನ್ನು ಮೊರದೊಳಗೆ ಇಟ್ಟು, ಅದರ ಬೆರಳ ಸಂದಿಗೆ ಒಂದು ಕಾಯಿ ಸಿಕ್ಕಿಸಿ, ಎಡಗೈಯಿಂದ ಅದರ ತೊಟ್ಟು ಕೀಳುತ್ತಿದ್ದರು. ಕೀಳಲು ಬರುತ್ತಿರಲಿಲ್ಲ. ಕಾಯಿ ಒಡೆದು ಬೀಜವೆಲ್ಲ ಅಂಗೈಗೆ ಮೆತ್ತಿತ್ತು. ಕಣ್ಣಿನಿಂದ ಮೂಗಿನಿಂದ ನೀರು ಸುರಿಯುತ್ತಿತ್ತು. ಅದನ್ನು ಅದೇ ಎಡಗೈಯಿಂದ ಒರೆಸಿಕೊಂಡು ಒರೆಸಿಕೊಂಡು ಅರ್ಧ ಮುಖ ಬೆಂದವರ ಹಾಗೆ ಕೆಂಪಾಗಿತ್ತು.

ಮಂಚದ ತುದಿಯಲ್ಲಿ ನನ್ನ ಮಗಳು ರೊಟ್ಟಿಯ ತಟ್ಟೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮೊರದೊಳಗೆ ಇಣುಕಿ ನೋಡಿ, "ಇನ್ನ ಒಂಚೂರು ಮಾಡಜ್ಜಾ. ಇಷ್ಟಕ್ಕ ಕಾಲು ರೊಟ್ಟಿ ಅಷ್ಟಽ ಆಗೂದು" ಎನ್ನುತ್ತಿದ್ದಳು.

ಒಂದು ಗಳಿಗೆ ನಾನು ನೋಡುತ್ತಿರುವುದು ಏನು ಎಂಬುದೇ ತಲೆಗೆ ಹತ್ತಲಿಲ್ಲ. ಇದು ನಮ್ಮ ಮನೆಯೇ? ಇವಳು ನಾನು ಹೆತ್ತವಳೇ? ಆಮೇಲೆ ಮೊರವನ್ನು ಕಸಿದು ಮೂಲೆಗೆ ಎಸೆದೆ. ಕೋಣೆಯ ತುಂಬ ಕಾಯಿ ಚೆಲ್ಲಿತು. ಮಗಳ ರಟ್ಟೆ ಹಿಡಿದು ಎಳೆದೆ. "ಏನಿದು? ಏನು ಮಾಡಾಕತ್ತೀದಿ ಮೂಳಿ? ಮುದುಕ ಮನಶ್ಯಾನ ಕೈಲೆ ಕೆಲಸಾ ತಗದು ರೊಟ್ಟಿ ಹಾಕ್ತೀ?" ಎಂದು ಕಿರುಚುತ್ತ ಕೈ ಎತ್ತಿದೆ.

"ಹೊಡೀಬ್ಯಾಡ" ಎಂದರು ಮಾವ.

ಅಷ್ಟು ಗಟ್ಟಿ ದನಿ ಲಕ್ವಾ ಹೊಡೆದ ಮೇಲೆ ಅವರ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ. ಎತ್ತಿದ ಕೈ ಹಾಗೆಯೇ ನಿಂತಿತು.

"ಹೊಡೀಬ್ಯಾಡವಾ. ಪಾಠಾ ಬರೋಬ್ಬರಿ ಒಪ್ಪಿಸ್ಯಾಳ."

ನಾನು ಹಾಗೇ ಮಂಚದ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ. ಗದ್ದಲ ಕೇಳಿ ಅತ್ತೆ ಬಟ್ಟೆಯ ಗಂಟಿನ ಜೊತೆಗೇ ಓಡಿ ಬಂದರು. ಮಗಳು ಅಳುತ್ತ ಅಳುತ್ತ ಹೇಳಿದ್ದನ್ನು ನಾವಿಬ್ಬರೂ ಕೇಳಿದೆವು. ಒಂದು ದಿನ ರಾತ್ರಿ ಅಜ್ಜನಿಗೆ ಉಣಿಸುವಾಗ ಅವಳಿಗೆ ಒಂದು ಸಂಶಯ ಬಂತಂತೆ. "ಅಜ್ಜಾ, ನೀ ಈಗ ದುಡಿಯಂಗಿಲ್ಲಲ್ಲ. ಮತ್ತ ನಿನಗ್ಯಾಕ ರೊಟ್ಟಿ ಕೊಡ್ತಾರ? ಮಿಡಚಿಗೆ ಕೊಡಲಿಲ್ಲಲ್ಲ?" ಎಂದು ಕೇಳಿದಳಂತೆ. ಅಜ್ಜ ಬಾಯೊಳಗಿನ ತುತ್ತನ್ನು ನುಂಗಲಿಲ್ಲವಂತೆ, ತಟ್ಟೆಗೆ ಉಗುಳಿದರಂತೆ. ಅವತ್ತಿನಿಂದ ಉಣ್ಣುವುದು ಬಿಟ್ಟರಂತೆ. ಅಜ್ಜ ಮಿಡತೆಯ ಹಾಗೆ ಬಾಗಿಲ ಮುಂದೆ ಸತ್ತು ಬೀಳುತ್ತಾನೆ ಎಂದು ಇವಳಿಗೆ ದಿಗಿಲಾಯಿತು. ಅದಕ್ಕೆ ಹೆಂಗಸರ ರಾಶಿಯಿಂದ ಲಂಗದಲ್ಲಿ ಕಾಯಿ ತುಂಬಿಕೊಂಡು ಬಂದು ಕೊಟ್ಟಳು. ಅಜ್ಜ ಕೆಲಸ ಮಾಡಿದ. ಮಾಡಿದಷ್ಟಕ್ಕೆ ಉಂಡ.

"ನಾ ಅಜ್ಜನ ಉಳಿಸಾಕತ್ತೇನಿ ಅವ್ವಾ" ಎಂದಳು.

ಅಬ್ಬಾ! ಅತ್ತೆ ಎರಡೂ ಕೈಯಿಂದ ಹಣೆ ಬಡಿದುಕೊಂಡರು. "ಸುಡಗಾಡು ಮಿಡಚಿ! ಅದನ್ನ ಸುಡ್ರಿ!" ಎಂದು ಅಳತೊಡಗಿದರು. ನಾನು ನೀರು ತಂದು, ಹಾಲು ತಂದು ಮಾವನವರ ಮುಖ ಒರೆಸಿದೆ. ಬಲಗೈಯ ಬೆರಳ ಸಂದಿಗಳು ಸುಲಿದು ಗಾಯವಾಗಿದ್ದವು. ಆ ಕೈಗೆ ನೋವು ತಿಳಿಯದು, ಹಾಗಾಗಿ ಅವರಿಗೂ ಗೊತ್ತಾಗಿರಲಿಲ್ಲ. ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದೆ. ಇಷ್ಟು ದಿನ ಈ ಕೋಣೆಯ ಬಾಗಿಲ ಹೊರಗೆ ನಾನು ಸಮಾಧಾನದಿಂದ ಓಡಾಡಿಕೊಂಡಿದ್ದೆ, ಒಳಗೆ ಇದು ನಡೆಯುತ್ತಿತ್ತು.

ವಿಷಯ ತಿಳಿಯಿತು, ಇನ್ನು ಉಣ್ಣುತ್ತಾರೆ ಎಂದುಕೊಂಡೆವು. ಇಲ್ಲ. ಕಾಯಿ ಕಸಿದುಕೊಂಡ ಮೇಲೆ ಆ ಕಾಲು ರೊಟ್ಟಿಯೂ ನಿಂತುಹೋಯಿತು.

ಸಂಜೆ ನನ್ನ ಗಂಡ ಅಂಗಡಿಯಿಂದ ಬಂದು ಎಲ್ಲ ಕೇಳಿ, ಅಪ್ಪನ ಕಾಲಿನ ಹತ್ತಿರ ಕುಳಿತು ಮಗುವಿನ ಹಾಗೆ ಅತ್ತ. "ಅಪ್ಪಾ, ನನ್ನ ಸಲುವಾಗ್ಯಾದ್ರೂ ಉಣ್ಣು" ಎಂದು ಬೇಡಿಕೊಂಡ. ಮಾವ ಅವನ ತಲೆಯ ಮೇಲೆ ಎಡಗೈ ಇಟ್ಟರು, ಬಾಯಿ ಮಾತ್ರ ತೆರೆಯಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮಾವನವರ ಎದುರು ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ನೀವೇನು ಹಾಡಿಕೋತ ಕುಂತಿದ್ರೇನ್ರಿ ಮಾವಾರ? ಚೀಲಾ ಹೊತ್ತು ಹೊತ್ತು ಬೆನ್ನು ಬಾಗೇತಿ ನಿಮ್ಮದು! ಈ ಮನೀ, ಈ ಅಂಗಡಿ, ಇವೆಲ್ಲಾ ಯಾರು ದುಡದದ್ದು? ನೀವು ಮಿಡಚಿ ಹೆಂಗ ಆಗ್ತೀರಿ?"

ಅವರು ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದರು.

"ಮಿಡಚಿನೂ ಹಿಂದಿನ ವರ್ಷ ದುಡದಿತ್ತೋ ಏನೋ. ಕತ್ಯಾಗ ಅದನ್ನ ಯಾರು ಕೇಳ್ಯಾರ?"

"ಅದು ಹುಡುಗೂರ ಕತಿ ರೀ!"

"ಹುಡುಗೂರಿಗೆ ಒಂದು, ನನಗ ಒಂದು ಹೇಳಾಕ ಬರಂಗಿಲ್ಲವಾ. ಎಷ್ಟ ಕೂಸಿಗೆ ಹೇಳೀನಿ ನಾನು, ಈ ಬಾಯಿಲೆ. ಈಗ ನನ್ನ ಪಾಳೇ ಬಂತಂದ್ರ ತಕ್ಕಡಿ ಒತ್ತಲೇನು?"

ಓಣಿಯ ಮಕ್ಕಳು, ಆ ಮಕ್ಕಳ ಮೊದಲು ಅವರ ಅಪ್ಪಂದಿರು ಅವ್ವಂದಿರು, ಎಲ್ಲರೂ ಆ ಕಟ್ಟೆಯ ಮೇಲೆ ಎದ್ದು ನಿಂತು ಮಿಡತೆಗೆ ಉಣ್ಣಲು ಕೊಡಬಾರದು ಎಂದು ಕೂಗಿದ್ದಾರೆ. ಆ ಕೂಗೆಲ್ಲ ಅವರ ಕಿವಿಯಲ್ಲಿ ಇತ್ತೋ ಏನೋ. ಮೊಂಡು ಮುದುಕ ಎಂದು ಬೈಯಬೇಕೆನಿಸಿತು, ಎದ್ದು ಕಾಲಿಗೆ ಬೀಳಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. ಮುಖ ಊದಿಸಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ನಳಿಗೆ ಹಾಕಿಸುವುದು ಎಂದು ನಿಶ್ಚಯವಾಯಿತು. ರಾಣೇಬೆನ್ನೂರಿನ ಡಾಕ್ಟರಿಗೆ ಫೋನು ಮಾಡಿದೆವು, ನಾಳಿದ್ದು ಕರೆತನ್ನಿ ಎಂದರು. ಮಗಳಿಗೆ ನಾನು ಕಟ್ಟುನಿಟ್ಟಾಗಿ ಹೇಳಿದೆ: ಮೆಣಸಿನಕಾಯಿ ರಾಶಿಯ ಹತ್ತಿರ ಕಾಲಿಡಬಾರದು, ಅಜ್ಜನಿಗೂ ಕಾಯಿ ಕೊಡಬಾರದು, ತಾನೂ ಮುಟ್ಟಬಾರದು. "ಹಂಗಾರ ಬ್ಯಾರೆ ಕೆಲಸಾ ಕೊಡು" ಎಂದಳು. "ನಿನಗ ಯಾ ಕೆಲಸಾನೂ ಇಲ್ಲ, ಅಜ್ಜಗೂ ಇಲ್ಲ. ಸುಮ್ನ ಕುಂದ್ರು" ಎಂದು ಗದರಿಸಿದೆ. ಅವಳು ತಲೆ ಅಲ್ಲಾಡಿಸಿ ಹೊರಗೆ ಹೋದಳು. ನನಗೆ ಬೇರೆ ಚಿಂತೆ ಇದ್ದವು, ಆ ರಾತ್ರಿ ಅವಳು ಉಂಡಳೋ ಇಲ್ಲವೋ ನೋಡಲಿಲ್ಲ. ಅತ್ತೆ ಉಣಿಸಿರಬೇಕು ಎಂದು ನಾನು, ನಾನು ಉಣಿಸಿರಬೇಕು ಎಂದು ಅತ್ತೆ.

ಮರುದಿನ ಅವಳು ಶಾಲೆಯಿಂದ ಬಂದ ಮೇಲೆ ಊಟದ ಡಬ್ಬಿ ತೊಳೆಯಲು ತೆಗೆದೆ. ಭಾರವಿತ್ತು. ಮುಚ್ಚಳ ತೆಗೆದರೆ ಚಪಾತಿ, ಪಲ್ಯ, ಎಲ್ಲ ನಾನು ಕಟ್ಟಿದ ಹಾಗೇ ಇತ್ತು.

"ಯಾಕ ತಿನ್ನಲಿಲ್ಲ? ಹೊಟ್ಟಿ ಬ್ಯಾನಿ ಐತೇನು?"

"ಇಲ್ಲ."

"ಮತ್ತ?"

"ನಾ ದುಡೀಲಿಲ್ಲಲ್ಲ."

ಅವಳ ದನಿಯಲ್ಲಿ ಹಟವಿರಲಿಲ್ಲ, ಸಿಟ್ಟಿರಲಿಲ್ಲ. ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು. ಕೂಡಿಸಿ ನೋಡಿದೆ: ನಿನ್ನೆ ರಾತ್ರಿ ಉಂಡಿಲ್ಲ, ಬೆಳಿಗ್ಗೆ ಹಾಲು ಕುಡಿಯದೆ ಶಾಲೆಗೆ ಓಡಿದ್ದಳು, ಈಗ ಈ ಡಬ್ಬಿ. ಮಗುವಿನ ತುಟಿ ಒಣಗಿತ್ತು. ನಾನು ಅಲ್ಲೇ ಚಪಾತಿ ಮುರಿದು ಅವಳ ಬಾಯಿಗೆ ತುರುಕಲು ಹೋದೆ. ಅವಳು ತುಟಿ ಬಿಗಿದಳು. ಆ ತುಟಿ ಬಿಗಿಯುವ ರೀತಿ ಥೇಟ್ ಅವಳ ಅಜ್ಜನದೇ!

"ಯವ್ವಾ, ತಿನ್ನ! ನೀ ಸಣ್ಣಾಕಿ ಅದೀ. ಸಣ್ಣವರು ದುಡಿಯಂಗಿಲ್ಲ!"

"ಕತ್ಯಾಗ ಸಣ್ಣ ಮಿಡಚಿ ದೊಡ್ಡ ಮಿಡಚಿ ಅಂತ ಇಲ್ಲ" ಎಂದಳು. "ಅಜ್ಜಗ ಕೆಲಸಾ ಕೊಡಂಗಿಲ್ಲ ಅಂದಿ, ನನಗೂ ಕೊಡಂಗಿಲ್ಲ ಅಂದಿ. ಇಬ್ರೂ ಒಂದಽ."

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸೆರಗು ಬಾಯಿಗೆ ಒತ್ತಿಕೊಂಡು ಮಾವನವರ ಕೋಣೆಗೆ ನುಗ್ಗಿದರು. ಬದುಕಿನುದ್ದಕ್ಕೂ ಗಂಡನ ಮುಂದೆ ದನಿ ತಗ್ಗಿಸಿ ಮಾತಾಡಿದ ಹೆಂಗಸು ಅವರು. ಆವತ್ತು ಅವರ ಕೂಗು ಅಂಗಳಕ್ಕೆ ಕೇಳಿ ಹೆಂಗಸರ ಕೈ ನಿಂತವು.

"ಏನ್ರೀ! ಕೂಸು ನಿನ್ನಿಯಿಂದ ಉಪಾಸ ಐತ್ರೀ! ದುಡೀಲಿಲ್ಲ ಅಂತ ತುತ್ತು ಮುಟ್ಟವಲ್ಲದು! ನಿಮ್ಮ ತಕ್ಕಡಿ ಬೆಂಕ್ಯಾಗ ಹಾಕ್ರಿ, ನನ್ನ ಕೂಸಿನ್ನ ಕೊಡ್ರಿ!"

ನಾನು ಮಗಳನ್ನು ಎತ್ತಿಕೊಂಡು ಹಿಂದೆಯೇ ಓಡಿದೆ. ಮಾವನವರು ದಿಂಬಿನಿಂದ ಏಳಲು ಹೋಗಿ ಒಂದು ಕಡೆಗೆ ವಾಲಿದ್ದರು. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು, ಮತ್ತೆ ಲಕ್ವಾ ಬಡಿಯಿತೇನೋ ಎಂದುಕೊಂಡೆ. ಅಷ್ಟು ಬಿಳಿಚಿಕೊಂಡಿದ್ದರು.

"ಉಂಡಿಲ್ಲೇನು?" ಎಂದು ಮಗಳನ್ನು ಕೇಳಿದರು.

"ಇಲ್ಲಜ್ಜಾ."

"ಹಸಿವು ಆಗೇತೇನು?"

ಅವಳು ಅಷ್ಟು ಹೊತ್ತು ತಡೆದುಕೊಂಡಿದ್ದಳು. "ಭಾಳ" ಎಂದು ಅಳತೊಡಗಿದಳು.

"ಉಣ್ಣು ಕೂಸ. ಉಣ್ಣು. ನಿನ್ನ ಕಾಲು ಹಿಡೀತೇನಿ."

"ನೀ?"

ಮಾವ ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಯಾರಾದರೂ ಏನಾದರೂ ಹೇಳಿ ತಮ್ಮನ್ನು ಬಿಡಿಸುತ್ತಾರೆ ಎಂಬ ಹಾಗೆ. ಅಂಗಡಿ ಕಟ್ಟಿದ ಮನುಷ್ಯ, ಪೇಟೆಯಲ್ಲಿ ಹೇಳಿದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳದ ಮನುಷ್ಯ, ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಆ ಕತಿ ತಪ್ಪೈತಿ ಕೂಸ" ಎಂದರು. "ನಾ ತಪ್ಪು ಹೇಳೀನಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮಗಳು ಮಾತ್ರ ಅಳು ನಿಲ್ಲಿಸಿ, ಅನುಮಾನದಿಂದ ಅಜ್ಜನನ್ನೇ ನೋಡಿದಳು. "ಖರೇನಽ?" ಎಂದಳು.

"ಖರೇ. ಉಣ್ಣಾಕ ಹಸಿವು ಆದ್ರ ಸಾಕು. ಬ್ಯಾರೆ ಏನೂ ಬೇಕಾಗಿಲ್ಲ."

"ಹಂಗಾರ ಮೊದಲ ನೀ ಉಣ್ಣು."

ನಾನು ಅಡುಗೆಮನೆಗೆ ಓಡಿದೆ. ಎರಡು ತಟ್ಟೆಗೆ ರೊಟ್ಟಿ ಹಾಕಿ ಹಾಲು ಸುರಿದೆ, ಅರ್ಧ ಹಾಲು ನೆಲಕ್ಕೆ ಚೆಲ್ಲಿತು. ಮಗಳು ಮಂಚ ಹತ್ತಿ ಅಜ್ಜನ ಪಕ್ಕಕ್ಕೆ ಕುಳಿತು, ರೊಟ್ಟಿ ಮಿದ್ದಿ, ದೊಡ್ಡ ತುತ್ತೊಂದನ್ನು ಅವರ ಬಾಯಿಯ ಗಟ್ಟಿ ಇರುವ ಕಡೆಗೆ ಇಟ್ಟಳು. ಅವರು ನುಂಗಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಈ ಸಲ ಮೆಣಸಿನಕಾಯಿಯ ಹೆಸರು ಹೇಳುವ ಹಾಗಿರಲಿಲ್ಲ. ಎರಡನೆಯ ತುತ್ತು ಇಟ್ಟಳು. ಅದನ್ನೂ ನುಂಗಿದರು. ಉಳಿದರು, ನನ್ನ ಮಾವ ಉಳಿದರು ಎಂದು ನನ್ನ ಜೀವ ಒಳಗೇ ಕೂಗುತ್ತಿತ್ತು.

ಮೂರನೆಯ ತುತ್ತು ಕೈಯಲ್ಲಿ ಹಿಡಿದುಕೊಂಡೇ ಮಗಳು ಏನೋ ಯೋಚಿಸುತ್ತ ಕುಳಿತಳು. ಹಾಲು ಅವಳ ಮೊಣಕೈವರೆಗೆ ಸೋರಿತು.

"ಅಜ್ಜಾ," ಎಂದಳು, "ಹಂಗಾರ ಆ ಮಿಡಚಿ ಸುಮ್ ಸುಮ್ನ ಸತ್ತಿತೇನು?"

ಮಾವನವರ ದವಡೆ ನಿಂತಿತು. ಮತ್ತೆ ಎಲ್ಲಿ ತುಟಿ ಬಿಗಿಯುತ್ತಾರೋ ಎಂದು ನಾನು ಮುಂದಕ್ಕೆ ಬಾಗಿದೆ.

"ಹೂಂ, ಕೂಸ" ಎಂದರು. "ಸುಮ್ ಸುಮ್ನ ಸತ್ತಿತು."

ಮಗಳು ಆ ತುತ್ತನ್ನು ಅವರ ಬಾಯಿಗಿಟ್ಟು, ತನ್ನ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.